ಕೈಪಟ್ಟಿಯೋ, ಕೈಗಡಿಯಾರವೋ?

ಹೆಜ್ಜೆಯೆಣಿಸುವ ಕೈಪಟ್ಟಿಯನ್ನು ಬಿಟ್ಟು ಸ್ಮಾರ್ಟ್‌ವಾಚ್ ಧರಿಸಬಹುದೇ ಎಂದು ಹುಮನಾಬಾದಿನ ವಯೋವೃದ್ಧ ಓದುಗರೊಬ್ಬರು ನಮ್ಮನ್ನು ಕೇಳಿದ್ದಾರೆ. ಬಸವಕಲ್ಯಾಣದ ತ್ರಿಪುರಾಂತ ಕೆರೆಯ ಕಡೆ ವಾಯುವಿಹಾರಕ್ಕೆ ಹೊರಡುವ ಹಿರಿಯರಲ್ಲಿಯೂ ಇದೇ ಜಿಜ್ಞಾಸೆಯುಂಟು.

ಹೆಜ್ಜೆಯನ್ನು ಕೈಯ ಚಲನೆಯಿಂದಲೂ ನಾಡಿಯನ್ನು ಚರ್ಮದ ಮೇಲೆ ಬೀಳುವ ಹಸಿರು ಬೆಳಕಿನಿಂದಲೂ ಎರಡೂ ಅಳೆಯುತ್ತವೆ. ಅಲ್ಲಿ ಹೆಚ್ಚಿನ ಭೇದವಿಲ್ಲ. (ದಿನಕ್ಕೆ 10,000 ಹೆಜ್ಜೆಯೆಂಬುದೂ ವೈದ್ಯವಾಕ್ಯವಲ್ಲ, 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆಯೆಣಿಕೆಯ ಯಂತ್ರವೊಂದರ ಹೆಸರಿನಿಂದ ಹಬ್ಬಿದ್ದು.) ಪಟ್ಟಿಗೆ ವಾರಕ್ಕೊಮ್ಮೆ ಚಾರ್ಜ್ ಮಾಡಿದರೆ ಸಾಮಾನ್ಯವಾಗಿ ಸಾಕು, ಅನೇಕ ಸ್ಮಾರ್ಟ್‌ವಾಚುಗಳಿಗೆ ಅದು ನಿತ್ಯವೂ ಬೇಕು.

ಆದರೂ ಒಂಟಿಯಾಗಿ ನಡೆಯುವವರಿಗೆ ಬದಲಾವಣೆಯೇ ಲೇಸೆಂದು ನಮ್ಮ ಅಭಿಪ್ರಾಯ. ಧರಿಸಿದವರು ಜೋರಾಗಿ ಬಿದ್ದುದನ್ನು ಗುರುತಿಸಿ, ಅವರು ಅಲುಗಾಡದಿದ್ದರೆ ಸಹಾಯಕ್ಕೆ ಕರೆ ಮಾಡುವ ವ್ಯವಸ್ಥೆ 2018ರಲ್ಲಿ ಆ್ಯಪಲ್ ವಾಚಿಗೆ ಬಂದಿತು. ಅಗ್ಗದ ಅನೇಕ ಗಡಿಯಾರಗಳಲ್ಲಿ ಇದಿಲ್ಲ. ಹಣ ಕೊಡುವ ಮುನ್ನ ಅಂಗಡಿಯವರನ್ನು ಇದೊಂದನ್ನು ಸ್ಪಷ್ಟವಾಗಿ ವಿಚಾರಿಸತಕ್ಕದ್ದು.