ಕೀಲಿ ಒಂದೇ, ಅರ್ಥ ಹತ್ತು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಯಾವ ಊರಿಗೇ ಹೋಗಿ, ಕಂಪ್ಯೂಟರ್ ತರಬೇತಿಯ ಬೋರ್ಡ್ ಕಣ್ಣಿಗೆ ಬೀಳುತ್ತದೆ. ಬೇಸಿಕ್, ಟ್ಯಾಲಿ, ಡಿಟಿಪಿ, ಕನ್ನಡ ಟೈಪಿಂಗ್. ಪದವಿ ಮುಗಿಸಿ ಕೆಲಸ ಹುಡುಕುತ್ತಿರುವವರು, ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳ ಕಚೇರಿಯಲ್ಲೋ ಮಂಡಿಯ ಲೆಕ್ಕ ಬರೆಯುವಲ್ಲೋ ಒಂದು ಕುರ್ಚಿ ಸಿಕ್ಕೀತೆಂದು ಕಾಯುತ್ತಿರುವವರು ಅಲ್ಲಿಗೆ ಸೇರುತ್ತಾರೆ. ಅವರ ನೋಟ್‌ಬುಕ್‌ನ ಮೊದಲ ಪುಟಗಳಲ್ಲಿ ಇರುವುದು ಶಾರ್ಟ್‌ಕಟ್ ಕೀಲಿಗಳ ಪಟ್ಟಿ. ಕಷ್ಟವೆಂದರೆ, ಉರು ಹೊಡೆದ ಆ ಪಟ್ಟಿ ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಹೋದ ಕೂಡಲೇ ಸುಳ್ಳಾಗುತ್ತದೆ.

ಕಂಟ್ರೋಲ್ ಮತ್ತು ಎ ಒಟ್ಟಿಗೆ ಒತ್ತಿದರೆ ವರ್ಡ್‌ನಲ್ಲಿ ಇಡೀ ಬರಹ ಆಯ್ಕೆಯಾಗುತ್ತದೆ. ಟ್ಯಾಲಿಯಲ್ಲಿ ಅದೇ ಜೋಡಿಗೆ ‘ಒಪ್ಪಿಕೋ’ ಎಂಬ ಅರ್ಥ. ತೆರೆಯ ಮೇಲಿನ ವೋಚರ್ ಸೇವ್ ಆಗಿಬಿಡುತ್ತದೆ. ಆರು ತಿಂಗಳು ಟ್ಯಾಲಿ ಕಲಿತವರು ಅದೇ ಅಭ್ಯಾಸದಲ್ಲಿ ವರ್ಡ್‌ನಲ್ಲಿ ಕಂಟ್ರೋಲ್ ಎ ಒತ್ತಿ ಮುಂದಿನ ಅಕ್ಷರ ಟೈಪ್ ಮಾಡಿದರೆ, ಅಷ್ಟು ಹೊತ್ತಿನ ಬರಹವೆಲ್ಲ ಮಾಯ! ಕಂಟ್ರೋಲ್ ಝಡ್ ಗೊತ್ತಿದ್ದರೆ ಬಚಾವ್.

ಕಂಟ್ರೋಲ್ ಡಿ ಕಥೆ ಇನ್ನೂ ಸ್ವಾರಸ್ಯ. ವರ್ಡ್‌ನಲ್ಲಿ ಅದು ಫಾಂಟ್ ಕಿಟಕಿ ತೆರೆಯುತ್ತದೆ, ಎಕ್ಸೆಲ್‌ನಲ್ಲಿ ಮೇಲಿನ ಕೋಶದಲ್ಲಿರುವುದನ್ನು ಕೆಳಗೆ ತುಂಬುತ್ತದೆ, ಕ್ರೋಮ್‌ನಲ್ಲಿ ಪುಟವನ್ನು ಬುಕ್‌ಮಾರ್ಕ್ ಮಾಡುತ್ತದೆ. ನಮ್ಮ ಲ್ಯಾಬ್‌ಗಳ ಎಕ್ಲಿಪ್ಸ್‌ನಲ್ಲಿ ಒಂದು ಸಾಲನ್ನೇ ಅಳಿಸುತ್ತದೆ, ಇಂಟೆಲಿಜೆಯಲ್ಲಿ ಅದೇ ಸಾಲಿನ ಇನ್ನೊಂದು ಪ್ರತಿ ಮಾಡುತ್ತದೆ. ಲಿನಕ್ಸ್ ಟರ್ಮಿನಲ್‌ನ ಖಾಲಿ ಸಾಲಿನಲ್ಲಿ ಒತ್ತಿದರೆ ಟರ್ಮಿನಲ್ಲೇ ಮುಚ್ಚಿಕೊಳ್ಳುತ್ತದೆ. ಎಫ್5 ಕೂಡ ಹಾಗೆಯೇ: ಬ್ರೌಸರ್‌ನಲ್ಲಿ ಪುಟದ ಮರುಲೋಡ್, ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಪ್ರದರ್ಶನ, ಟ್ಯಾಲಿಯಲ್ಲಿ ಪಾವತಿ ವೋಚರ್. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎನ್ನುತ್ತಾರೆ. ಇಲ್ಲಿ ಊರಿಗೇ ಒಂದು ದಾರಿಯಿಲ್ಲ.

ಇದು ಯಾರೋ ಬೇಕೆಂದೇ ಮಾಡಿದ್ದಲ್ಲ. ಇಂದು ಎಲ್ಲರ ಬೆರಳಿಗೂ ಒಗ್ಗಿರುವ ಕಟ್, ಕಾಪಿ, ಪೇಸ್ಟ್ ಕಲ್ಪನೆಯನ್ನು 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ರೂಪಿಸಿದವರಲ್ಲಿ ಪ್ರಮುಖರು ಲ್ಯಾರಿ ಟೆಸ್ಲರ್. 2020ರಲ್ಲಿ ಅವರು ತೀರಿಕೊಂಡರು. ಪಕ್ಕಪಕ್ಕದ ಝಡ್, ಎಕ್ಸ್, ಸಿ, ವಿ ಕೀಲಿಗಳನ್ನು ಆ ಕೆಲಸಗಳಿಗೆ ಜನಪ್ರಿಯಗೊಳಿಸಿದ್ದು ಆಪಲ್. 1987ರಲ್ಲಿ ಐಬಿಎಂ ಬೇರೆಯೇ ನಿಯಮ ತಂದಿತು: ಕಾಪಿಗೆ ಕಂಟ್ರೋಲ್ ಇನ್ಸರ್ಟ್, ಪೇಸ್ಟ್‌ಗೆ ಶಿಫ್ಟ್ ಇನ್ಸರ್ಟ್. ವಿಂಡೋಸ್ ಎರಡನ್ನೂ ಒಪ್ಪಿಕೊಂಡಿತು. ಆದರೆ ಟರ್ಮಿನಲ್‌ನಲ್ಲಿ ಕಂಟ್ರೋಲ್ ಸಿ ಎಂದರೆ ‘ಓಡುತ್ತಿರುವ ಪ್ರೋಗ್ರಾಂ ನಿಲ್ಲಿಸು’ ಎಂಬ ಅರ್ಥ ಬೇರೂರಿತ್ತು. ಹಾಗಾಗಿ ಇಂದಿಗೂ ಲಿನಕ್ಸ್ ಟರ್ಮಿನಲ್‌ನಲ್ಲಿ ಕಾಪಿ ಮಾಡಲು ಜೊತೆಗೆ ಶಿಫ್ಟ್ ಬೇಕು. ಬೆಂಗಳೂರಿನ ಟ್ಯಾಲಿ ಡಾಸ್ ಕಾಲದಲ್ಲೇ ಬೆಳೆದ ತಂತ್ರಾಂಶ. ಅದರ ಕೀಲಿಗಳು ಅದರ ಹಳೆಯ ಬಳಕೆದಾರರ ಬೆರಳಿನಲ್ಲಿ ಕೂತುಬಿಟ್ಟಿವೆ. ಬದಲಿಸಿದರೆ ಅವರಿಗೆ ತೊಂದರೆ, ಬದಲಿಸದಿದ್ದರೆ ಹೊಸಬರಿಗೆ ತೊಂದರೆ.

ಹೊಸಬರ ತೊಂದರೆ ಎಲ್ಲರಿಗೂ ಸಮನಾಗಿಲ್ಲ ಎಂಬುದೇ ನನ್ನ ಮಾತು. ಮನೆಯಲ್ಲಿ ಲ್ಯಾಪ್‌ಟಾಪ್ ಇರುವವರು ಎರಡು ದಿನ ತಡಕಾಡಿ ಸರಿಹೋಗುತ್ತಾರೆ. ಹಳ್ಳಿಯಿಂದ ಬಸ್ಸಿನಲ್ಲಿ ಬಂದು ದಿನಕ್ಕೊಂದು ಗಂಟೆ, ಅದೂ ಇಬ್ಬರು ಹಂಚಿಕೊಂಡ ಕಂಪ್ಯೂಟರ್ ಮುಂದೆ ಕೂರುವವರಿಗೆ ತಡಕಾಡುವ ಸಮಯವೂ ಎಣಿಸಿಟ್ಟದ್ದು. ತಪ್ಪು ಕೀಲಿ ಒತ್ತಿ ಕೆಲಸ ಕಳೆದುಕೊಂಡಾಗ ಅವರು ‘ಪ್ರೋಗ್ರಾಂ ಸರಿಯಿಲ್ಲ’ ಎನ್ನುವುದಿಲ್ಲ, ‘ನನಗೆ ಕಂಪ್ಯೂಟರ್ ಬರುವುದಿಲ್ಲ’ ಎನ್ನುತ್ತಾರೆ. ಸಂದರ್ಶನದಲ್ಲಿ ಕೂತಾಗಲೂ ಆ ಅಳುಕು ಬೆನ್ನು ಬಿಡುವುದಿಲ್ಲ.

ಕನ್ನಡ ಟೈಪಿಂಗ್‌ಗೆ ಬಂದರೆ ಗೊಂದಲ ಇಮ್ಮಡಿ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸವನ್ನು ರಾಜ್ಯ ಸರ್ಕಾರ ಅಂಗೀಕರಿಸಿದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಇರುವುದು ಅದೇ. ಆದರೆ ವಿಂಡೋಸ್‌ನಲ್ಲಿ ಬಹುಕಾಲದಿಂದ ಬಂದಿರುವ ಕನ್ನಡ ಕೀಲಿಮಣೆ ಇನ್‌ಸ್ಕ್ರಿಪ್ಟ್. 1991ರ ರಾಷ್ಟ್ರೀಯ ಮಾನಕದಲ್ಲಿ ಸೇರಿರುವುದು ಅದು. ‘ಕೋಲಾರ’ ಎಂದು ಬರೆಯಲು ನುಡಿಯಲ್ಲಿ ಕೆ, ಶಿಫ್ಟ್ ಓ, ಎಲ್, ಶಿಫ್ಟ್ ಎ, ಆರ್ ಒತ್ತಬೇಕು. ಇನ್‌ಸ್ಕ್ರಿಪ್ಟ್‌ನಲ್ಲಿ ಕೆ, ಎ, ಎನ್, ಇ, ಜೆ. ‘ಶ್ರೀನಿವಾಸಪುರ’ದ ಮೊದಲ ಒತ್ತಕ್ಷರಕ್ಕೆ ನುಡಿಯಲ್ಲಿ ಎಫ್ ಕೀಲಿ ಬೇಕು, ಇನ್‌ಸ್ಕ್ರಿಪ್ಟ್‌ನಲ್ಲಿ ಡಿ. ಅಲ್ಲಿ ಎಫ್ ಒತ್ತಿದರೆ ಒತ್ತಿನ ಬದಲು ಗುಡಿಸು ಬೀಳುತ್ತದೆ. ಕನ್ನಡದಿಂದ ಇಂಗ್ಲಿಷ್‌ಗೆ ಹೊರಳಲು ಹಳೆಯ ನುಡಿಯಲ್ಲಿ ಸ್ಕ್ರೋಲ್ ಲಾಕ್, ವಿಂಡೋಸ್‌ನಲ್ಲಿ ವಿಂಡೋಸ್ ಕೀಲಿ ಮತ್ತು ಸ್ಪೇಸ್, ಕನ್ನಡ ವಿಕಿಪೀಡಿಯದಲ್ಲಿ ಕಂಟ್ರೋಲ್ ಎಂ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಸ್ಕ್ರೋಲ್ ಲಾಕ್ ಕೀಲಿಯೇ ಇಲ್ಲ. ಮಾತೃಭಾಷೆಯಲ್ಲಿ ತನ್ನ ಊರಿನ ಹೆಸರು ಬರೆಯುವುದಕ್ಕೂ ‘ಯಾವ ಕೀಲಿಮಣೆ?’ ಎಂದು ಕೇಳಬೇಕಾದ ಸ್ಥಿತಿ ನಮ್ಮದು.

ಹಾಗಾದರೆ ಎಲ್ಲ ಪ್ರೋಗ್ರಾಂಗಳಲ್ಲೂ ಎಲ್ಲ ಕೀಲಿಗಳೂ ಒಂದೇ ಆಗಬೇಕೇ? ಅದು ಆಗದ ಮಾತು, ಬೇಕಾಗಿಯೂ ಇಲ್ಲ. ಲೆಕ್ಕ ಬರೆಯುವವರಿಗೂ ಚಿತ್ರ ಬಿಡಿಸುವವರಿಗೂ ಅವರವರ ಕೆಲಸಕ್ಕೆ ತಕ್ಕ ಕೀಲಿಗಳು ಇರಲಿ. ಆದರೆ ಉಳಿಸುವುದು, ಅಳಿಸುವುದು, ಮುಚ್ಚುವುದು, ಮಾಡಿದ್ದನ್ನು ಹಿಂದಕ್ಕೆ ಪಡೆಯುವುದು ಈ ನಾಲ್ಕು ಎಲ್ಲೆಡೆ ಒಂದೇ ಆಗಿರಬೇಕು. ಹಳೆಯ ಬುಲೆಟ್‌ನಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ ಇತ್ತು. ಈಗ ಯಾವ ಬೈಕ್ ಹತ್ತಿದರೂ ಗೇರ್ ಎಡಕ್ಕೆ, ಬ್ರೇಕ್ ಬಲಕ್ಕೆ. ಬೈಕ್‌ಗಳ ಬಣ್ಣ, ವೇಗ, ಬೆಲೆ ಬೇರೆ ಬೇರೆ ಇವೆ. ಬ್ರೇಕ್ ಎಲ್ಲಿದೆ ಎಂದು ಮಾತ್ರ ಯಾರೂ ಹುಡುಕಬೇಕಿಲ್ಲ.

ಇದಕ್ಕೆ ದೊಡ್ಡ ಕಂಪನಿಗಳು ಮನಸ್ಸು ಮಾಡುವವರೆಗೆ ಕಾಯಬೇಕಿಲ್ಲ. ಗ್ರಾಮ ಆಡಳಿತಾಧಿಕಾರಿಯಂತಹ ಹುದ್ದೆಗಳ ಪರೀಕ್ಷೆಯಲ್ಲಿ ಕಂಪ್ಯೂಟರ್ ಜ್ಞಾನವೂ ಒಂದು ವಿಷಯ. 2012ರ ನಿಯಮದಂತೆ ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯೂ ಇದೆ. ಶಾರ್ಟ್‌ಕಟ್ ಬಗ್ಗೆ ಪ್ರಶ್ನೆ ಕೇಳುವಾಗ ಯಾವ ಪ್ರೋಗ್ರಾಂ ಎಂಬುದನ್ನು ಪ್ರಶ್ನೆಯಲ್ಲೇ ಹೇಳಲಿ. ‘ಕಂಟ್ರೋಲ್ ಡಿ ಏನು ಮಾಡುತ್ತದೆ’ ಎಂದಷ್ಟೇ ಕೇಳಿದರೆ ಅದಕ್ಕೆ ಐದಾರು ಸರಿ ಉತ್ತರಗಳಿವೆ. ಕನ್ನಡ ಟೈಪಿಂಗ್ ಬೇಕಿರುವ ಹುದ್ದೆಯ ಪ್ರಕಟಣೆಯಲ್ಲಿ ಕೀಲಿಮಣೆ ವಿನ್ಯಾಸ ಯಾವುದು ಎಂಬ ಒಂದು ಸಾಲು ಇರಲಿ. ತರಬೇತಿ ಕೇಂದ್ರಗಳು ಪಟ್ಟಿ ಉರು ಹೊಡೆಸುವುದಕ್ಕೆ ಮೊದಲು, ಮೆನುವಿನಲ್ಲಿ ಆಜ್ಞೆಯ ಪಕ್ಕದಲ್ಲೇ ಅದರ ಕೀಲಿ ಬರೆದಿರುತ್ತದೆ, ಆಲ್ಟ್ ಒತ್ತಿದರೆ ದಾರಿ ಕಾಣುತ್ತದೆ ಎಂಬುದನ್ನು ಕಲಿಸಲಿ. ಅದು ಗೊತ್ತಿದ್ದವರು ಹೊಸ ಪ್ರೋಗ್ರಾಂ ಮುಂದೆ ಹೆದರುವುದಿಲ್ಲ. ಕೀಲಿಗಳನ್ನು ನಮಗೆ ಬೇಕಾದಂತೆ ಬದಲಿಸಿಕೊಳ್ಳಲು ಲಿಬ್ರೆಆಫೀಸ್, ವಿಎಸ್ ಕೋಡ್‌ನಂತಹವು ಅವಕಾಶ ಕೊಟ್ಟಿವೆ. ಅದನ್ನೂ ಒಂದು ತರಗತಿಯಲ್ಲಿ ತೋರಿಸಬಹುದು.

ಕೊನೆಯ ಮಾತು ನನ್ನಂತೆ ಬಿಇ ಓದುತ್ತಿರುವವರಿಗೆ. ನಾಳೆ ಪ್ರೋಗ್ರಾಂ ಬರೆಯುವವರು ನಾವೇ. ಪ್ರಾಜೆಕ್ಟ್‌ಗೆಂದು ಒಂದು ಚಿಕ್ಕ ಆ್ಯಪ್ ಮಾಡುವಾಗಲೂ ಕಂಟ್ರೋಲ್ ಎಸ್‌ಗೆ ಸೇವ್ ಬಿಟ್ಟು ಬೇರೆ ಕೆಲಸ ಕೊಡದಿರೋಣ, ಕಂಟ್ರೋಲ್ ಝಡ್ ಕೆಲಸ ಮಾಡುವಂತೆ ನೋಡಿಕೊಳ್ಳೋಣ, ಏನನ್ನಾದರೂ ಅಳಿಸುವ ಮುನ್ನ ಒಂದು ಮಾತು ಕೇಳುವಂತೆ ಬರೆಯೋಣ. ಇದಕ್ಕೆ ತಗಲುವುದು ಹತ್ತು ಸಾಲು ಕೋಡ್. ನಮ್ಮ ಜಿಲ್ಲೆಯ ಯಾವುದೋ ಕೇಂದ್ರದಲ್ಲಿ ಮೊದಲ ಸಲ ಕೀಬೋರ್ಡ್ ಮುಟ್ಟುವ ಹುಡುಗಿಗೆ ಅದರಿಂದ ಉಳಿಯುವುದು ಒಂದು ದಿನದ ಕೆಲಸ, ಜೊತೆಗೆ ಧೈರ್ಯ.