ಎಕ್ಕದ ಗುಣವೂ ಅದರ ಮೇರೆಯೂ

ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೂ ನೆಲಮಂಗಲದಿಂದ ಶಿವಗಂಗೆಗೂ ಸಾಗುವ ಹಾದಿಗಳ ಇಕ್ಕೆಲಗಳಲ್ಲಿ, ಉಳುಮೆ ನಿಂತ ಹೊಲಗಳಲ್ಲಿ, ಬಡಾವಣೆಗೆಂದು ಕಲ್ಲು ನೆಟ್ಟು ಬಿಟ್ಟ ನಿವೇಶನಗಳಲ್ಲಿ, ಯಾರ ಆರೈಕೆಯನ್ನೂ ಬಯಸದೆ ಬೆಳೆದು ನಸುನೇರಳೆಯ ಹೂಗೊಂಚಲನ್ನು ತಳೆದು ನಿಲ್ಲುವ ಎಕ್ಕವನ್ನು ಕಂಡರಿಯದವರು ಈ ಸೀಮೆಯಲ್ಲಿ ವಿರಳ. ದನಗಳು ಬಾಯಿಡಲು ಹಿಂಜರಿಯುವ ಈ ಗಿಡಕ್ಕೆ ನಮ್ಮ ಆಚಾರದಲ್ಲಿ ಮಾತ್ರ ಮನ್ನಣೆಯ ಸ್ಥಾನವುಂಟು: ರಥಸಪ್ತಮಿಯ ಸ್ನಾನಕ್ಕೆ ಅದರ ಏಳು ಎಲೆ, ನವಗ್ರಹ ಹೋಮದಲ್ಲಿ ಸೂರ್ಯನಿಗೆ ಅದರ ಸಮಿತ್ತು, ಗಣಪತಿಗೂ ಆಂಜನೇಯನಿಗೂ ಅದರ ಹೂವಿನ ಹಾರ.

ಚರಕಸಂಹಿತೆಯು ಎಕ್ಕದ ಹಾಲನ್ನು ವಮನ ವಿರೇಚನಗಳೆರಡಕ್ಕೂ ವಿಧಿಸಿತು. ಅನಂತರದ ರಸಶಾಸ್ತ್ರಕಾರರು ಅದನ್ನು ಉಪವಿಷಗಳ ಸಾಲಿನಲ್ಲಿರಿಸಿದರು. ಎಲೆಗೆ ಎಣ್ಣೆ ಸವರಿ, ಕೆಂಡಕ್ಕೆ ಹಿಡಿದು ಬಾಡಿಸಿ ನೋಯುವ ಮಂಡಿಗೆ ಕಟ್ಟುತ್ತಿದ್ದ, ಮುಳ್ಳು ನಾಟಿದ ಕಾಲಿಗೆ ಹಾಲು ಹಚ್ಚುತ್ತಿದ್ದ ನಮ್ಮ ಹಳ್ಳಿಯ ಹಿರಿಯರು ಅದನ್ನು ಮೈಯ ಹೊರಗಣ ಉಪಚಾರಕ್ಕೆ ಬಳಸಿದರು. ಒಳಗೆ ಕೊಡುವ ಹೊಣೆಯನ್ನು ಬಲ್ಲ ವೈದ್ಯನಿಗೇ ಬಿಟ್ಟರು. 1945ರ ಔಷಧ ಮತ್ತು ಕಾಂತಿವರ್ಧಕ ನಿಯಮಗಳ ‘ಇ(1)’ ಅನುಸೂಚಿಯೂ ಎಕ್ಕವನ್ನು ವಿಷದ್ರವ್ಯಗಳಲ್ಲಿ ಎಣಿಸಿದೆ. ಅದು ಸೇರಿದ ಸೇವನೆಯ ಮದ್ದಿನ ಮೇಲೆ ಎಚ್ಚರಿಕೆಯ ಬರಹವಿರತಕ್ಕದ್ದೆಂಬುದು ಕಟ್ಟಳೆ. ಶಾಸ್ತ್ರವೂ ಶಾಸನವೂ ಹೀಗೆ ಒಂದೇ ಮಾತನ್ನಾಡುತ್ತಿರಲು, ಗಿಡಮೂಲಿಕೆಯೆಂದ ಮೇಲೆ ಅಪಾಯವೆಲ್ಲಿಯದೆಂದು ಮೊಬೈಲಿನಲ್ಲಿ ಕಂಡವರ ಮಾತು ನಂಬಿ, ಹೃದಯದ ಬಡಿತವನ್ನೇ ಕೆಡಿಸಬಲ್ಲ ಈ ರಸವನ್ನು ಕುಡಿಯುವುದು ಪರಂಪರೆಯ ಗೌರವವಲ್ಲ, ಅದರ ಉಲ್ಲಂಘನೆ.

ಕುಡಿಯದವರಿಗೂ ಅಪಾಯವಿಲ್ಲದಿಲ್ಲ. ಹೂ ಕೀಳುವಾಗ ಸಿಡಿದ ಹಾಲಾಗಲಿ, ಹಾಲಂಟಿದ ಬೆರಳಾಗಲಿ ಕಣ್ಣಿಗೆ ತಗುಲಿದರೆ ಕಣ್ಣಿನ ಪಾರದರ್ಶಕ ಪೊರೆ ಊದಿಕೊಂಡು ದೃಷ್ಟಿ ಮಂಜಾಗುತ್ತದೆ. ಕೆಲವರಲ್ಲಿ ಹೆಚ್ಚು ನೋವೇ ಇಲ್ಲದಿರುವುದರಿಂದ ಚಿಕಿತ್ಸೆ ತಡವಾಗುತ್ತದೆ. ಒಡನೆಯೇ ಧಾರಾಳವಾಗಿ ಶುದ್ಧವಾದ ನೀರಿನಿಂದ ತೊಳೆದು, ನೋವಿಲ್ಲದಿದ್ದರೂ ನೇತ್ರವೈದ್ಯರನ್ನು ಕಾಣಬೇಕು.

ಹಾಗಾದರೆ ಗಿಡವನ್ನೇ ಕಿತ್ತೊಗೆಯೋಣವೆಂಬುದು ಇನ್ನೊಂದು ಅವಿವೇಕ; ಎಕ್ಕದೆಲೆಯನ್ನು ಮೇಯುವ ಚಿಟ್ಟೆಯ ಹುಳುಗಳು ಆ ವಿಷವನ್ನೇ ತಮ್ಮ ರಕ್ಷಣೆಗೆ ಕೂಡಿಟ್ಟುಕೊಳ್ಳುತ್ತವೆ. ಆಗಬೇಕಾದುದು ಇಷ್ಟೆ: ರಥಸಪ್ತಮಿ, ಗಣೇಶ ಚೌತಿಗಳ ಮುನ್ನ ಶಾಲೆಯಲ್ಲಿ ಉಪಾಧ್ಯಾಯರೂ, ಗುಡಿಯಲ್ಲಿ ಅರ್ಚಕರೂ, ಮನೆ ಮನೆಯಲ್ಲಿ ಆಶಾ ಕಾರ್ಯಕರ್ತೆಯರೂ ಎಕ್ಕದ ಮಹಿಮೆಯೊಡನೆ ಅದರ ಹಾನಿಯನ್ನೂ ತಿಳಿಹೇಳಬೇಕು, ಎಲೆ ಕೀಳುವ ಕೆಲಸವನ್ನು ಮಕ್ಕಳಿಗೊಪ್ಪಿಸದೆ ದೊಡ್ಡವರೇ ಮಾಡಿ, ಕೈ ತೊಳೆದ ಮೇಲೆಯೇ ಪೂಜೆಗೆ ಕೂರಬೇಕು.