ಕೊಳಗ ಯಾರ ಕೈಯಲ್ಲಿ?

ಸರಕಿನ ಪಟ್ಟಿಯನ್ನು ಇನ್ನು ಕೂತು ಬರೆಯಬೇಕಾಗಿಲ್ಲ, ಯಂತ್ರವೇ ಬರೆದುಕೊಳ್ಳುತ್ತದೆ ಎಂದು ಜಾಹೀರಾತು ಕಂಪನಿಗಳು ಸಣ್ಣ ವ್ಯಾಪಾರಿಗೆ ಆಸೆ ಹುಟ್ಟಿಸುತ್ತಿವೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಒಡೆಯನಾದ ಮೆಟಾ ಕಂಪನಿ ಇದಕ್ಕಾಗಿ ‘ಪಿಕ್ಸೆಲ್’ ಎಂಬ ಸಾಧನವನ್ನು ಬಿಟ್ಟಿಯಾಗಿ ಕೊಡುತ್ತದೆ. ಬಿಟ್ಟಿ ಸಿಕ್ಕಿದ್ದನ್ನು ತಿರುಗಿಸಿ ನೋಡಬೇಕೆಂಬುದು ಸಂತೆಗೆ ಹೋಗುವ ಪ್ರತಿಯೊಬ್ಬನಿಗೂ ಗೊತ್ತು. ಇದನ್ನೂ ಒಮ್ಮೆ ತಿರುಗಿಸಿ ನೋಡೋಣ.

ಇಳಕಲ್ಲಿನ ಸೀರೆಯನ್ನೋ ಗುಳೇದಗುಡ್ಡದ ಖಣವನ್ನೋ ತನ್ನದೇ ವೆಬ್‌ಸೈಟಿನಲ್ಲಿ ಮಾರುವ ನೇಕಾರರ ಸಂಘವೊಂದಿದೆ ಎಂದಿಟ್ಟುಕೊಳ್ಳಿ. ಒಂದೊಂದು ಸರಕಿನ ಗುರುತಿನ ಸಂಖ್ಯೆ, ಹೆಸರು, ವಿವರ, ಬೆಲೆ, ದಾಸ್ತಾನು, ಚಿತ್ರ, ಪುಟದ ವಿಳಾಸ ಇಷ್ಟನ್ನೂ ಕಂಪನಿಯ ಕ್ಯಾಟಲಾಗಿಗೆ ಕೈಯಿಂದ ತುಂಬಬೇಕಾದರೆ, ಇನ್ನೂರು ಸರಕಿಗೆ ದಿನಗಟ್ಟಲೆ ಬೇಕು. ಅದರ ಬದಲು ಪುಟದೊಳಗೆ ಕಣ್ಣಿಗೆ ಕಾಣದ ಗುರುತುಚೀಟಿಗಳನ್ನು ಅಂಟಿಸಿ, ಪಿಕ್ಸೆಲ್ಲಿನ ಕೆಲವು ಸಾಲುಗಳನ್ನು ಸೇರಿಸಿದರಾಯಿತು. ಗಿರಾಕಿಯೊಬ್ಬ ಪುಟವನ್ನು ತೆರೆದಾಗ ಪಿಕ್ಸೆಲ್ ಆ ಚೀಟಿಗಳನ್ನು ಓದಿ ಸರಕನ್ನು ಕ್ಯಾಟಲಾಗಿಗೆ ಏರಿಸುತ್ತದೆ. ಮುಂದೆ ಯಾವ ಸೀರೆಯನ್ನು ಯಾರ ಕಣ್ಣಿಗೆ ಬೀಳಿಸಬೇಕೆಂಬುದನ್ನೂ ಕಂಪನಿಯ ಯಂತ್ರವೇ ಗೊತ್ತುಮಾಡುತ್ತದೆ.

ಇದು ಅನುಕೂಲವಲ್ಲವೆ? ಅನುಕೂಲವೇ. ಯಂತ್ರದ ಮೇಲೆ ಸಮಾಜವಾದಿಗೆ ಹಗೆಯಿಲ್ಲ. ದುಡಿಯುವವನ ಬೆನ್ನು ಹಗುರ ಮಾಡುವ ಯಾವ ಯಂತ್ರವನ್ನೂ ನಾವು ಸ್ವಾಗತಿಸುತ್ತೇವೆ. ಆದರೆ ಸರಕನ್ನು ಪಟ್ಟಿಗೆ ಏರಿಸುವ ಆ ಸಾಲುಗಳೇ ಪುಟವನ್ನು ಯಾರು ತೆರೆದರು, ಯಾರು ಬುಟ್ಟಿಗೆ ಹಾಕಿಕೊಂಡರು, ಯಾರು ಎಷ್ಟು ಹಣಕ್ಕೆ ಕೊಂಡರು ಎಂಬ ವರದಿಯನ್ನೂ ಕಂಪನಿಗೆ ಒಯ್ಯುತ್ತವೆ. ಪಟ್ಟಿ ಬರೆಯಲು ಬಂದ ಗುಮಾಸ್ತ ಅಂಗಡಿಯ ಕಿರ್ದಿ ಪುಸ್ತಕವನ್ನೂ ದಿನಾ ನಕಲು ಮಾಡಿ ಮಂಡಿಯ ಸಾಹುಕಾರನಿಗೆ ಒಪ್ಪಿಸಿದರೆ ಅವನನ್ನು ನಾವು ಏನೆಂದು ಕರೆಯುತ್ತೇವೆ?

ಇದು ಬರಿಯ ಅನುಮಾನವಲ್ಲ. ತನ್ನಲ್ಲಿ ಜಾಹೀರಾತು ಕೊಡುವ ಎದುರಾಳಿ ಮಾರುಕಟ್ಟೆಗಳ ಅಂಕಿಅಂಶವನ್ನು ತನ್ನ ಮಾರುಕಟ್ಟೆಯ ಲಾಭಕ್ಕೆ ಬಳಸಿಕೊಳ್ಳಲು ದಾರಿಮಾಡುವ ಷರತ್ತುಗಳನ್ನು ಹೇರಿದ್ದೂ ಸೇರಿದಂತೆ ಹಲವು ಆರೋಪಗಳ ಮೇಲೆ, 2024ರ ನವೆಂಬರಿನಲ್ಲಿ ಯುರೋಪಿಯನ್ ಆಯೋಗ ಮೆಟಾಕ್ಕೆ ಸುಮಾರು 80 ಕೋಟಿ ಯೂರೋ ದಂಡ ಹಾಕಿತು. ಹುಡುಕಾಟದಲ್ಲಿ ತನ್ನ ಖರೀದಿ ಸೇವೆಯನ್ನೇ ಮುಂದೆ ತಂದು ಉಳಿದವರನ್ನು ಹಿಂದಕ್ಕೆ ತಳ್ಳಿದ್ದಕ್ಕಾಗಿ 2017ರಲ್ಲಿ ಗೂಗಲ್ಲಿಗೆ 242 ಕೋಟಿ ಯೂರೋ ದಂಡ ಬಿತ್ತು. 2024ರಲ್ಲಿ ಯುರೋಪಿನ ಅತ್ಯುಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಸಂತೆಯ ಒಡೆಯನೇ ಸಂತೆಯಲ್ಲಿ ಅಂಗಡಿ ಇಟ್ಟರೆ ಆಗುವುದು ಇದೇ.

ಇನ್ನು ಕ್ಯಾಟಲಾಗಿನ ಕಲಮುಗಳನ್ನು ನೋಡಿ. ಬೆಲೆಗೆ ಕಡ್ಡಾಯ ಕಲಮು ಉಂಟು, ಚಿತ್ರಕ್ಕೆ ಉಂಟು. ಸರಕು ಕೈಮಗ್ಗದ್ದೋ ವಿದ್ಯುತ್ ಮಗ್ಗದ್ದೋ ಎಂಬುದಕ್ಕೆ ಕಡ್ಡಾಯ ಕಲಮು ಇಲ್ಲ. ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಕೂಡಿಸುವ ಇಳಕಲ್ಲಿನ ಕುಶಲ ಕೆಲಸವೂ, ಅದನ್ನು ನೋಡಿ ಯಂತ್ರದಲ್ಲಿ ಮಾಡಿದ ನಕಲೂ ಅಂಗೈಯಗಲದ ಪರದೆಯ ಮೇಲೆ ಒಂದೇ ಚಿತ್ರ. ಆ ಚಿತ್ರ ಗಿರಾಕಿಗೆ ಕಾಣಬೇಕಾದರೆ ಹರಾಜು ಕೂಗಬೇಕು. ಹೆಚ್ಚು ಬಂಡವಾಳವುಳ್ಳವನು ಹೆಚ್ಚು ಕಾಲ ಕೂಗಬಲ್ಲ. ನೇಕಾರನ ಗಂಟಲು ಬೇಗ ಕಟ್ಟುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಅಳತೆಯದು. ಜಾಹೀರಾತನ್ನು ಎಷ್ಟು ಮಂದಿ ನೋಡಿದರು, ಅದರಿಂದ ಎಷ್ಟು ಸೀರೆ ಮಾರಾಟವಾದವು ಎಂದು ಎಣಿಸುವವನೂ ಹಣ ವಸೂಲು ಮಾಡುವವನೂ ಒಬ್ಬನೇ. ಜನ ವಿಡಿಯೋಗಳನ್ನು ಸರಾಸರಿ ಎಷ್ಟು ಹೊತ್ತು ನೋಡುತ್ತಾರೆಂಬ ಲೆಕ್ಕವನ್ನು ಎರಡು ವರ್ಷ ಕಾಲ ಹೆಚ್ಚಿಸಿ ತೋರಿಸಿದ್ದಾಗಿ 2016ರಲ್ಲಿ ಫೇಸ್‌ಬುಕ್ಕೇ ಒಪ್ಪಿಕೊಂಡಿತು. ಜಾಹೀರಾತುದಾರರು ಅಮೆರಿಕದಲ್ಲಿ ದಾವೆ ಹೂಡಿದ ಮೇಲೆ 2019ರಲ್ಲಿ 4 ಕೋಟಿ ಡಾಲರಿಗೆ ರಾಜಿಯಾಯಿತು. ಅಮೆರಿಕದ ಜಾಹೀರಾತುದಾರ ನ್ಯಾಯಾಲಯಕ್ಕೆ ಹೋದ. ಗುಳೇದಗುಡ್ಡದ ನೇಕಾರ ಎಲ್ಲಿಗೆ ಹೋಗಬೇಕು?

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಇಂಥದೇ ಪ್ರಶ್ನೆಯ ಮೇಲೆ. ಭತ್ತ ಬೆಳೆದವನು ಗೇಣಿದಾರ. ಅದನ್ನು ಅಳೆಯುವ ಕೊಳಗ ಧಣಿಯದು, ಅದೂ ಸರ್ಕಾರಿ ಅಳತೆಗಿಂತ ದೊಡ್ಡದು. ನ್ಯಾಯವಾದ ಕೊಳಗ ಬೇಕೆಂದು ಕೇಳಿದ ಮಾತು ಸತ್ಯಾಗ್ರಹವಾಗಿ ಬೆಳೆಯಿತು, ಸಮಾಜವಾದಿಗಳು ಜೊತೆಗೂಡಿದರು, ಡಾ. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಇಂದಿನ ಕೊಳಗ ಮರದ್ದಲ್ಲ, ಕಣ್ಣಿಗೂ ಕಾಣುವುದಿಲ್ಲ. ಆದರೆ ಅದು ಇರುವುದು ಧಣಿಯ ಕೈಯಲ್ಲಿಯೇ.

ಸಂತೆಯಲ್ಲಿ ತರಕಾರಿ ಮಾರುವ ಮುದುಕಿಯ ತಕ್ಕಡಿಗೆ ಮುದ್ರೆ ಇಲ್ಲದಿದ್ದರೆ 2009ರ ಕಾನೂನು ಮಾಪನಶಾಸ್ತ್ರ ಕಾಯಿದೆಯಂತೆ ದಂಡ ಹಾಕುವ ಸರ್ಕಾರ, ಕೋಟಿಗಟ್ಟಲೆ ಹಣ ಅಳೆಯುವ ಈ ತಕ್ಕಡಿಗೆ ಏಕೆ ಮುದ್ರೆ ಒತ್ತಬಾರದು? 2024ರಲ್ಲಿ ಮೆಟಾದ ಆದಾಯ ಸುಮಾರು 16,450 ಕೋಟಿ ಡಾಲರ್. ಅದರಲ್ಲಿ ನೂರಕ್ಕೆ 97ಕ್ಕೂ ಮಿಕ್ಕಿ ಜಾಹೀರಾತಿನಿಂದ ಬಂದದ್ದು. ವಿದೇಶಿ ಕಂಪನಿಗಳ ಆನ್‌ಲೈನ್ ಜಾಹೀರಾತು ಗಳಿಕೆಯ ಮೇಲೆ 2016ರಲ್ಲಿ ಹಾಕಿದ್ದ ನೂರಕ್ಕೆ 6ರ ವಿಶೇಷ ತೆರಿಗೆಯನ್ನು ಕೇಂದ್ರ ಸರ್ಕಾರ 2025ರ ಏಪ್ರಿಲ್ 1ರಿಂದ ತೆಗೆದೇ ಹಾಕಿತು. ಜಿ.ಎಸ್.ಟಿ. ನೋಂದಣಿ ಇಲ್ಲದ ಸಣ್ಣ ವ್ಯಾಪಾರಿ ಮಾತ್ರ ಜಾಹೀರಾತಿನ ಬಿಲ್ಲಿನ ಮೇಲೆ ನೂರಕ್ಕೆ 18 ತೆರಬೇಕು. ಅದನ್ನು ಹಿಂದಕ್ಕೆ ಪಡೆಯುವ ದಾರಿಯೂ ಅವನಿಗಿಲ್ಲ. ಆನೆಗೆ ಸುಂಕ ಮಾಫಿ, ಇರುವೆಗೆ ವಸೂಲಿ! ಇದು ಯಾವ ಸೀಮೆಯ ನ್ಯಾಯ?

ಯಂತ್ರವನ್ನು ಒಡೆಯಿರಿ ಎಂದು ನಾವು ಹೇಳುವುದಿಲ್ಲ. ಪಟ್ಟಿಯನ್ನು ಕೈಗೆ ತೆಗೆದುಕೊಳ್ಳಿ ಎನ್ನುತ್ತೇವೆ. ಸಾಹುಕಾರನ ಬಡ್ಡಿಗೆ ಪರ್ಯಾಯವಾಗಿ 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ರೈತರು ಸಹಕಾರಿ ಸಂಘ ಕಟ್ಟಿದರು. ಹಾಗೆಯೇ ಇಂದು ನೇಕಾರರ, ಕುಶಲಕರ್ಮಿಗಳ ಸಂಘಗಳು ತಮ್ಮ ಸರಕಿನ ಕ್ಯಾಟಲಾಗನ್ನು ತಾವೇ ಇಟ್ಟುಕೊಳ್ಳಲಿ. ಕೈಮಗ್ಗದ ಮುದ್ರೆಗೆ ಅದರಲ್ಲಿ ಕಲಮು ಇರಲಿ. ಪುಟಕ್ಕೆ ಅಂಟಿಸುವ ಗುರುತುಚೀಟಿಗಳ ನಮೂನೆ ಯಾರ ಸ್ವತ್ತೂ ಅಲ್ಲ, ಎಲ್ಲರಿಗೂ ತೆರೆದದ್ದು. ಸಂಘದ ಪಟ್ಟಿಯಿಂದ ಯಾವ ಮಾರುಕಟ್ಟೆಗೆ ಬೇಕಾದರೂ ಸರಕಿನ ವಿವರ ಹೋಗಲಿ. ಗಿರಾಕಿಯ ಗುಟ್ಟೂ ಅಂಗಡಿಯ ಕಿರ್ದಿಯೂ ಅದರ ಬೆನ್ನಿಗೆ ಹೋಗದಿರಲಿ.

ಸರ್ಕಾರಕ್ಕೆ ನಮ್ಮ ಬೇಡಿಕೆ ಮೂರು. ಜಾಹೀರಾತು ಕಂಪನಿಗಳ ಎಣಿಕೆಯನ್ನು ಸಾರ್ವಜನಿಕ ಸಂಸ್ಥೆ ತಪಾಸಣೆ ಮಾಡಬೇಕು. ತೆಗೆದುಹಾಕಿದ ತೆರಿಗೆಯನ್ನು, ಅದರ ಹೊರೆ ಸಣ್ಣ ವ್ಯಾಪಾರಿಯ ತಲೆಗೆ ಬೀಳದಂತೆ, ಮತ್ತೆ ಹಾಕಬೇಕು. ಆ ಹಣದಿಂದ ತಾಲ್ಲೂಕಿಗೊಂದರಂತೆ ಸಹಕಾರಿ ಕ್ಯಾಟಲಾಗು ಕಚೇರಿ ತೆರೆಯಬೇಕು. ಬೇಡಿದ ಮಾತ್ರಕ್ಕೆ ಯಾವ ಸರ್ಕಾರವೂ ಕೊಟ್ಟದ್ದಿಲ್ಲ. ಆದ್ದರಿಂದ ನೇಕಾರ ಸಂಘಗಳ ಮುಂದಿನ ಸಭೆಗಳಲ್ಲಿಯೇ ಈ ಮೂರನ್ನೂ ಠರಾವು ಮಾಡಿ ಹೋರಾಟಕ್ಕೆ ಅಣಿಯಾಗಬೇಕೆಂದು ಕರೆ ಕೊಡುತ್ತೇವೆ.